ಅಲ್ಲೊಂದು ಗುಳ್ಳೆ, ಆದರೆ ನೋವಿಲ್ಲ

ಗಂಡಸರ ಗುಪ್ತಾಂಗದ ಮೇಲೆ ಗುಳ್ಳೆಯೋ ಕಲೆಯೋ ಕಂಡರೆ ಮೊದಲು ಹುಟ್ಟುವ ಪ್ರಶ್ನೆ ‘ನೋವಿದೆಯಾ?’ ಎಂಬುದೇ. ಇಲ್ಲ ಅಂತಾದರೆ ಕೆಲವರು ಮರೆತುಬಿಡುತ್ತಾರೆ, ಇನ್ನು ಕೆಲವರು ಮೊಬೈಲಿನಲ್ಲಿ ಚಿತ್ರ ಹುಡುಕುತ್ತಾ ನಿದ್ದೆಗೆಡುತ್ತಾರೆ. ಆದರೆ ಈ ಜಾಗದಲ್ಲಿ ನೋವನ್ನು ಅಳತೆಗೋಲು ಮಾಡಿಕೊಳ್ಳುವಂತಿಲ್ಲ. ಏನೂ ಅಪಾಯವಿಲ್ಲದ ಗುಳ್ಳೆಯೂ ನೋಯುವುದಿಲ್ಲ, ಒಂದು ವಾರವೂ ತಡಮಾಡಬಾರದ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಹುಣ್ಣೂ ಸಾಮಾನ್ಯವಾಗಿ ನೋಯುವುದಿಲ್ಲ. ನೋಡಬೇಕಾದ್ದು ಎಲ್ಲಿದೆ, ಹೇಗಿದೆ, ಎಷ್ಟು ದಿನದಿಂದ ಇದೆ, ಬದಲಾಗುತ್ತಿದೆಯಾ ಎಂಬುದನ್ನು.

ಹೆಚ್ಚು ಜನರನ್ನು ವಿನಾಕಾರಣ ಹೆದರಿಸುವುದು ಶಿಶ್ನದ ತುದಿಯ ಅಂಚಿನ ಸುತ್ತ ಒಂದೆರಡು ಸಾಲಿನಲ್ಲಿ ಪೋಣಿಸಿಟ್ಟಂತೆ ಕಾಣುವ ಪುಟ್ಟ ಗುಳ್ಳೆಗಳು. ಒಂದೆರಡು ಮಿಲಿಮೀಟರ್ ಗಾತ್ರ, ಚರ್ಮದ್ದೇ ಬಣ್ಣ ಅಥವಾ ಮುತ್ತಿನಂಥ ಬಿಳುಪು, ಎಲ್ಲವೂ ಒಂದೇ ಅಳತೆ. ಪರ್ಲಿ ಪ್ಯಾಪ್ಯೂಲ್ ಎನ್ನುವ ಇವು ದೇಹರಚನೆಯ ಭಾಗ. ಹರೆಯದಲ್ಲಿ ಕಾಣಿಸಿಕೊಳ್ಳುತ್ತವೆ, ಯಾರಿಗೂ ಅಂಟುವುದಿಲ್ಲ, ಔಷಧ ಬೇಕಿಲ್ಲ. ಶಿಶ್ನದ ಮೈ ಮತ್ತು ವೃಷಣ ಚೀಲದ ಮೇಲೆ, ಚರ್ಮ ಎಳೆದು ಹಿಡಿದಾಗ ಇನ್ನಷ್ಟು ಎದ್ದು ಕಾಣುವ ಹಳದಿ ಮಿಶ್ರಿತ ಬಿಳಿ ಚುಕ್ಕೆಗಳು ಫೋರ್ಡೈಸ್ ಚುಕ್ಕೆಗಳು. ಕೂದಲಿನ ಜೊತೆಯಿಲ್ಲದೆ ಬೆಳೆದ ಎಣ್ಣೆಗ್ರಂಥಿಗಳಷ್ಟೇ ಅವು. ತುಟಿಯ ಮೇಲೂ ಇರುತ್ತವೆ. ಹಿಸುಕಿದರೆ ಚುಕ್ಕೆ ಹೋಗುವುದಿಲ್ಲ, ಗಾಯವಾಗಿ ಕೀವು ಸೇರುತ್ತದೆ.

ವಯಸ್ಸಾದಂತೆ ವೃಷಣ ಚೀಲದ ಮೇಲೆ ಕಡುಗೆಂಪು, ನೇರಳೆ ಅಥವಾ ಕಪ್ಪು ಚುಕ್ಕೆಗಳು ಬರಬಹುದು. ಇವು ಹಿಗ್ಗಿದ ಕಿರು ರಕ್ತನಾಳಗಳು, ಹೆಸರು ಆಂಜಿಯೋಕೆರಟೋಮಾ. ಕೆರೆದರೆ ರಕ್ತ ಬರುತ್ತದೆ, ಸ್ವಲ್ಪ ಹೊತ್ತು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಆದರೆ ಅಂಚು ಅಂಕುಡೊಂಕಾದ, ಬಣ್ಣ ಬದಲಾಗುವ, ಬೆಳೆಯುತ್ತಾ ಹೋಗುವ ಒಂಟಿ ಕಪ್ಪು ಮಚ್ಚೆಯನ್ನು ಇದೇ ಲೆಕ್ಕಕ್ಕೆ ಸೇರಿಸಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಅಂಟುವವು. ಜನನಾಂಗದ ನರಹುಲಿಗೆ ಕಾರಣ ಎಚ್‌ಪಿವಿ ವೈರಸ್, ಬಹುಪಾಲು ಅದರ 6 ಮತ್ತು 11ನೇ ಬಗೆಗಳು. ಪರ್ಲಿ ಪ್ಯಾಪ್ಯೂಲ್‌ನ ಹಾಗೆ ಸಾಲಾಗಿರದೆ ಅಲ್ಲಲ್ಲಿ ಏಳುತ್ತದೆ, ಗಾತ್ರ ಒಂದೊಂದೂ ಬೇರೆ, ಮೇಲ್ಮೈ ಹೂಕೋಸಿನಂತೆ ಒರಟು. ಸೋಂಕು ತಗುಲಿ ವಾರಗಳೋ ತಿಂಗಳುಗಳೋ ಆದ ಮೇಲೆ ಕಾಣಿಸಿಕೊಳ್ಳುವುದರಿಂದ ‘ಯಾರಿಂದ ಬಂತು’ ಎಂದು ಸಂಗಾತಿಯ ಮೇಲೆ ಬೆರಳು ತೋರಿಸುವುದು ಅನ್ಯಾಯ. ಕಾಲಿನ ಆಣಿಗೆ ಹಚ್ಚುವ ಆಸಿಡ್ ದ್ರಾವಣವನ್ನು ಇಲ್ಲಿ ಹಚ್ಚಲೇಬಾರದು. ಈ ತೆಳು ಚರ್ಮ ಸುಟ್ಟು ಹುಣ್ಣಾಗುತ್ತದೆ.

ನಡುವೆ ಹೊಕ್ಕುಳಿನಂಥ ಗುಳಿ ಇರುವ, ನುಣುಪಾದ 2ರಿಂದ 5 ಮಿಲಿಮೀಟರ್ ಗುಳ್ಳೆ ಮೊಲಸ್ಕಮ್ ಎಂಬ ವೈರಸ್ ಸೋಂಕು ಇರಬಹುದು. ಹಲವರಲ್ಲಿ 6ರಿಂದ 12 ತಿಂಗಳಲ್ಲಿ ತಾನೇ ಹೋಗುತ್ತದೆ. ಅಷ್ಟರಲ್ಲಿ ಅದರ ಮೇಲೆ ರೇಜರ್ ಎಳೆದರೆ ಬ್ಲೇಡು ಹೋದ ದಾರಿಯುದ್ದಕ್ಕೂ ಹೊಸ ಗುಳ್ಳೆ ಏಳುತ್ತವೆ.

ನನಗೆ ಹೆಚ್ಚು ಕಳವಳ ಸಿಫಿಲಿಸ್ ಬಗ್ಗೆ. ಸೋಂಕು ತಗುಲಿ 10ರಿಂದ 90 ದಿನಗಳ ಒಳಗೆ, ಸರಾಸರಿ 3 ವಾರಕ್ಕೆ, ಗುಂಡನೆಯ ಹುಣ್ಣೊಂದು ಬರುತ್ತದೆ. ಅಂಚು ಮುಟ್ಟಿದರೆ ಗಟ್ಟಿ, ತಳ ಸ್ವಚ್ಛ, ನೋವಿಲ್ಲ. ತೊಡೆಸಂದಿನಲ್ಲಿ ಗಡ್ಡೆಗಳು ಊದಿಕೊಂಡರೂ ಅವೂ ನೋಯುವುದಿಲ್ಲ. 3ರಿಂದ 6 ವಾರದಲ್ಲಿ ಹುಣ್ಣು ತಾನೇ ಮಾಯುತ್ತದೆ, ಮೋಸ ಹೋಗುವುದು ಅಲ್ಲೇ. ಹಚ್ಚಿದ ಮುಲಾಮಿನಿಂದ ವಾಸಿಯಾಯಿತು ಎಂದುಕೊಳ್ಳುತ್ತಾರೆ, ರೋಗಾಣು ಮಾತ್ರ ರಕ್ತದಲ್ಲಿ ಹರಡುತ್ತಿರುತ್ತದೆ. ಮುಂದೆ ಅಂಗೈ ಅಂಗಾಲಿನಲ್ಲಿ ದದ್ದು, ವರ್ಷಗಳ ನಂತರ ಮೆದುಳು, ಹೃದಯಕ್ಕೂ ತೊಂದರೆ. ಗರ್ಭಿಣಿ ಸಂಗಾತಿಯಿಂದ ಮಗುವಿಗೂ ದಾಟುತ್ತದೆ. ಆರಂಭದ ಹಂತದಲ್ಲಿ ಚಿಕಿತ್ಸೆ ಎಷ್ಟು ಸರಳ ಗೊತ್ತೇ? ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಸಲ, ಪೃಷ್ಠದ ಸ್ನಾಯುವಿಗೆ. ಹುಣ್ಣು ಹೊಸದಾಗಿದ್ದಾಗ ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ಅನುಮಾನ ಇದ್ದರೆ ವೈದ್ಯರು ಹೇಳಿದ ದಿನಕ್ಕೆ ಮತ್ತೆ ಮಾಡಿಸಲೇಬೇಕು, ಜೊತೆಗೆ ಎಚ್‌ಐವಿ ಪರೀಕ್ಷೆಯೂ ಇರಲಿ. ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗದಿದ್ದರೆ ಸೋಂಕು ಸುತ್ತಿಕೊಂಡು ನಿಮಗೇ ಬರುತ್ತದೆ.

ಉಬ್ಬಿಲ್ಲದ ಕಲೆಗಳ ದಾರಿ ಬೇರೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಗುಂಡನೆಯ ಕಪ್ಪು ಕಲೆಗೆ ನುಂಗಿದ ಮಾತ್ರೆಯೇ ಕಾರಣ ಇರಬಹುದು. ನೋವಿನ ಮಾತ್ರೆ, ಸಲ್ಫಾ, ಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್‌ಗಳು ಇದನ್ನು ಮಾಡುತ್ತವೆ. ಕಲೆ ಕೆರಳಿದ ಹಿಂದಿನ ಒಂದೆರಡು ದಿನ ಏನು ನುಂಗಿದಿರಿ, ಬರೆದಿಡಿ. ಹಾಲು ಬಿಳುಪಿನ, ಮೇಲ್ಮೈ ಮಾಮೂಲಿನಂತೆಯೇ ಇರುವ ಕಲೆ ತೊನ್ನು ಇರಬಹುದು. ಬಿಳಿಚಿಕೊಂಡು ಕಾಗದದಂತೆ ತೆಳುವಾಗಿ, ಮುಂದೊಗಲು ಬಿಗಿಯುತ್ತಾ ಬಂದರೆ ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ ಇರಬಹುದು. ಚಿಕಿತ್ಸೆ ಮಾಡದೆ ಹಾಗೇ ಬಿಟ್ಟರೆ ಮೂತ್ರದ ದಾರಿಯೂ ಕಿರಿದಾಗಬಹುದು. ಮಖಮಲ್ಲಿನಂಥ ಕೆಂಪು ಪಟ್ಟೆ, ಮಾಯದ ಹುಣ್ಣು, ಗಟ್ಟಿಯಾಗುತ್ತಿರುವ ಗಂಟು ಇದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಲು ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ, ಬೇಕಾಗಬಹುದು. ಮುಂದೊಗಲು ಹಿಂದೆ ಸರಿಯದವರು, ಧೂಮಪಾನಿಗಳು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು.

ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯಾಟಿಕ್ ಮೂರೂ ಬೆರೆಸಿದ ಕ್ರೀಮನ್ನು ಯಾರೋ ಹೇಳಿದರೆಂದು ಹಚ್ಚಬೇಡಿ. ಚರ್ಮ ತೆಳುವಾಗುತ್ತದೆ, ರೋಗದ ಚಹರೆ ಬದಲಾಗಿ ತಜ್ಞರಿಗೂ ಗುರುತು ಸಿಗದಂತಾಗುತ್ತದೆ.

ಹುಣ್ಣಾಗಿದ್ದರೆ ಕಾಯಬೇಡಿ, ಅದೇ ವಾರ ಚರ್ಮ ಮತ್ತು ಗುಹ್ಯರೋಗ ತಜ್ಞರನ್ನು ಕಾಣಿ. ಹುಣ್ಣಲ್ಲದ, ಬೆಳೆಯದ, ರಕ್ತ ಬಾರದ ಚುಕ್ಕೆಯಾದರೆ, ಹೊಸ ಸಂಪರ್ಕವೂ ಇಲ್ಲದಿದ್ದರೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೊ ತೆಗೆದು, ಎರಡು ವಾರದ ನಂತರ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆದು ಹೋಲಿಸಿ. ವೈದ್ಯರ ಬಳಿ ಹೋಗುವಾಗ ಏನೂ ಹಚ್ಚಿಕೊಂಡಿರಬಾರದು. ಯಾವಾಗ ಶುರುವಾಯಿತು, ಏನೇನು ಹಚ್ಚಿದಿರಿ, ಯಾವ ಮಾತ್ರೆ ನುಂಗಿದಿರಿ, ಕಳೆದ ಮೂರು ತಿಂಗಳಲ್ಲಿ ಕಾಂಡೋಮ್ ಇಲ್ಲದ ಸಂಪರ್ಕ ಆಗಿತ್ತಾ, ಮಧುಮೇಹ ಇದೆಯಾ, ಪೆನಿಸಿಲಿನ್ ಅಲರ್ಜಿ ಇದೆಯಾ, ಇಷ್ಟನ್ನೂ ಅವರು ಕೇಳುವ ಮೊದಲೇ ಹೇಳಿಬಿಡಿ.