ಪೇಜ್ ಆಕ್ಸೆಸ್ ಎರಡು ಕಡೆ ನೋಡಬೇಕು
ಫೇಸ್‌ಬುಕ್ ಪೇಜ್ ನಡೆಸೋಕೆ ಬೇರೆಯವರಿಗೆ ಆಕ್ಸೆಸ್ (ಪ್ರವೇಶಾಧಿಕಾರ) ಕೊಡೋ ಬಗ್ಗೆ ಬಂದ ಲೇಖನವೊಂದರಲ್ಲಿ ಹೇಳಿರುವ ಅಡ್ಮಿನ್, ಎಡಿಟರ್, ಮಾಡರೇಟರ್ ವಿಂಗಡಣೆ ಹಳೇ ವ್ಯವಸ್ಥೆ. ಈಗ ಮುಖ್ಯವಾಗಿ ಇರೋದು ಎರಡು: ಫೇಸ್‌ಬುಕ್ ಆಕ್ಸೆಸ್ ಮತ್ತು ಟಾಸ್ಕ್ ಆಕ್ಸೆಸ್. ಮೊದಲನೆಯದು ಇದ್ದವರು ನೇರವಾಗಿ ಪೇಜ್‌ಗೇ ಸ್ವಿಚ್ ಆಗಬಹುದು, ಅಂದರೆ ಪೇಜ್ ಹೆಸರಲ್ಲೇ ಫೇಸ್‌ಬುಕ್ ಬಳಸಬಹುದು. ಟಾಸ್ಕ್ ಆಕ್ಸೆಸ್ ಇದ್ದವರು ಬಿಸಿನೆಸ್ ಸೂಟ್‌ನಂಥ (ಪೇಜ್ ನಿರ್ವಹಣೆಗೆ ಮೆಟಾ ಕೊಡುವ ಪ್ರತ್ಯೇಕ ಟೂಲ್) ಕಡೆಯಿಂದ ಪೋಸ್ಟ್, ಮೆಸೇಜ್, ಜಾಹೀರಾತು ಹೀಗೆ ನೀವು ಒಪ್ಪಿಸಿದಷ್ಟೇ ಕೆಲಸ ಮಾಡಬಲ್ಲರು. ಪೋಸ್ಟ್ ಹಾಕೋರಿಗೆ ಇಷ್ಟು ಧಾರಾಳ ಸಾಕು.

ಫೇಸ್‌ಬುಕ್ ಆಕ್ಸೆಸ್ ಕೊಡುವಾಗ ಪೂರ್ಣ ನಿಯಂತ್ರಣದ ಒಂದು ಸ್ವಿಚ್ ಬರುತ್ತದೆ. ದಯವಿಟ್ಟು ಅದನ್ನು ಅವಸರದಲ್ಲಿ ಆನ್ ಮಾಡಬೇಡಿ. ಅದು ಸಿಕ್ಕವರು ಪೇಜ್ ಅಳಿಸಬಹುದು, ಕೊಟ್ಟ ನಿಮ್ಮನ್ನೇ ಹೊರಹಾಕಬಹುದು. ಹಾಗಂತ ಒಬ್ಬರ ಕೈಯಲ್ಲೇ ಇದ್ದರೂ ಕಷ್ಟ, ಅವರ ಖಾತೆ ಲಾಕ್ ಆದರೆ ಪೇಜ್ ಅನಾಥ. ನಂಬಿಕಸ್ಥರು ಇಬ್ಬರಿರಲಿ, ಇಬ್ಬರೂ ಟೂ ಫ್ಯಾಕ್ಟರ್ (ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಎರಡನೇ ಪರಿಶೀಲನೆ) ಹಾಕಿಕೊಳ್ಳಲಿ.

ಪರಿಶೀಲಿಸೋಕೆ ಪೇಜ್‌ಗೆ ಸ್ವಿಚ್ ಆಗಿ, ಸೆಟ್ಟಿಂಗ್ಸ್‌ನಲ್ಲಿ ಪೇಜ್ ಆಕ್ಸೆಸ್ ತೆರೆಯಿರಿ. ಹೆಚ್ಚಿನವರು ಎಡವೋದು ಇದರ ನಂತರ. ಪೇಜ್ ಬಿಸಿನೆಸ್ ಪೋರ್ಟ್‌ಫೋಲಿಯೊಗೆ (ಒಂದು ಸಂಸ್ಥೆಯ ಪೇಜ್, ಜಾಹೀರಾತು ಖಾತೆಗಳನ್ನೆಲ್ಲ ಒಟ್ಟಿಗೆ ಇಡುವ ಮೆಟಾ ಖಾತೆ) ಸೇರಿದ್ದರೆ ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ ಪೀಪಲ್ (ವ್ಯಕ್ತಿಗಳು), ಪಾರ್ಟ್‌ನರ್ಸ್ (ಬೇರೆ ಸಂಸ್ಥೆಗಳು) ಎಂಬ ಪಟ್ಟಿಗಳು ಬೇರೆಯೇ ಇರುತ್ತವೆ. ಕೆಲಸ ಬಿಟ್ಟವರನ್ನು ಪೇಜ್‌ನಿಂದ ತೆಗೆದು ಇಲ್ಲಿ ಹಾಗೇ ಬಿಟ್ಟರೆ ಅವರ ದಾರಿ ತೆರೆದೇ ಇರುತ್ತದೆ. ಹಳೇ ಜಾಹೀರಾತು ಏಜೆನ್ಸಿ ಪಾರ್ಟ್‌ನರ್ ಆಗಿ ಉಳಿದಿದ್ದರೆ ಅವರ ಸಿಬ್ಬಂದಿಯೂ ಒಳಗೇ ಇದ್ದಂತೆ.