ಪೇಟಿಯ ಗಾಂಧಾರ ಇಳಿಸಬೇಕೆ?

ಹಿಂದೂಸ್ತಾನಿ ಹಾಡಿಗೆ ಸಾಥ್ (ಪಕ್ಕವಾದ್ಯ) ಕೊಡುವ ಹಾರ್ಮೋನಿಯಂ, ಅಂದರೆ ಪೇಟಿ, ಸಾಮಾನ್ಯವಾಗಿ ಅಂಗಡಿಯಿಂದ ಬರುವುದು ಪಿಯಾನೋದ ಸಮಪಾಲಿನ ಶ್ರುತಿಯಲ್ಲಿ, ಅಂದರೆ ಸ್ಥಾಯಿಯನ್ನು 12 ಸಮಪಾಲು ಮಾಡಿದ ಶ್ರುತಿಯಲ್ಲಿ. ಅದರ ರೀಡುಗಳನ್ನು (ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಗಳನ್ನು) ಕೆರೆಸಿ, ಗಾಯಕರ ಷಡ್ಜಕ್ಕೆ, ಅಂದರೆ ಅವರ 'ಸ'ಕ್ಕೆ, ಹೊಂದುವ ಶುದ್ಧ ಸ್ವರಗಳಿಗೆ ತರುವುದಕ್ಕೆ ಪೇಟಿಯವರು ಗಾಂಧಾರ ಟ್ಯೂನಿಂಗ್ ಎನ್ನುತ್ತಾರೆ. ಮಾಡಿಸಬೇಕೆ, ಬೇಡವೆ? ತಂಬೂರಿ ಹಿಡಿದು ಹಾಡುವವರೊಬ್ಬರ ಮಾತು ಮೊದಲು, ಪೇಟಿ ಬಾರಿಸುವವರೊಬ್ಬರದು ಆಮೇಲೆ.

ಪರ: ಇಳಿಸಲೇಬೇಕು

ಮನೆಯಲ್ಲಿ ಗದ್ದಲವಿಲ್ಲದ ಹೊತ್ತು ನೋಡಿ ತಂಬೂರಿ ಮೀಟಿ. ತಂತಿಯ ಕೆಳಗೆ ಕುದುರೆಯ ಮೇಲಿಡುವ ಜೀವಾಳದ ದಾರ ಸರಿಯಾಗಿ ಕೂತಿದ್ದರೆ ಮಂದ್ರ ಷಡ್ಜದ ತಂತಿಯೊಳಗಿಂದ ಯಾರೂ ಮೀಟದ ಗಾಂಧಾರವೊಂದು ಎದ್ದು ಬರುತ್ತದೆ. ಸ್ವಯಂಭೂ ಗಾಂಧಾರ. ತಂತಿ ಇಡಿಯಾಗಿ ಕಂಪಿಸುವಾಗಲೇ ಐದು ತುಂಡಾಗಿಯೂ ಕಂಪಿಸುತ್ತಿರುತ್ತದೆ. ಆ ಐದನೆಯ ಪಾಲಿನ ನಾದ ಅದು. ಷಡ್ಜಕ್ಕೂ ಅದಕ್ಕೂ 4ಕ್ಕೆ 5ರ ಸಂಬಂಧ. ನಮ್ಮ ಗುರುಗಳು 'ಗಾಂಧಾರ ನೀನು ಹಚ್ಚಬೇಡ, ಅಲ್ಲಿ ಇರುವುದರೊಳಗೆ ಹೋಗಿ ಕೂಡು' ಅನ್ನುತ್ತಿದ್ದರು.

ಈಗ ಅದರ ಮೇಲೆ ಪೇಟಿಯ ಗಾಂಧಾರ ಒತ್ತಿ ನೋಡಿ. ಕರಿ ಒಂದರಲ್ಲಿ, ಅಂದರೆ ಪೇಟಿಯ ಮೊದಲ ಕಪ್ಪು ಮನೆಯಲ್ಲಿ, ಷಡ್ಜ ಇಟ್ಟರೆ ಅದರ ಕಂಪನ ಸೆಕೆಂಡಿಗೆ ಸುಮಾರು 277. ತಂಬೂರಿ ಕೇಳುವ ಗಾಂಧಾರ 346.5, ಪೇಟಿ ಕೊಡುವುದು 349.2. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಪೇಟಿಯಲ್ಲಿ ಷಡ್ಜ-ಗಾಂಧಾರ ಒಟ್ಟಿಗೆ ಒತ್ತಿದಾಗ ಎರಡರ ಮೇಲಿನ ಉಪಸ್ವರಗಳು ಸೆಕೆಂಡಿಗೆ 11 ಸಲ ಡಿಕ್ಕಿ ಹೊಡೆಯುತ್ತವೆ. ಷಡ್ಜ-ಪಂಚಮ ಒತ್ತಿದರೆ ಆ ಅಲೆ ಸೆಕೆಂಡಿಗೆ ಒಂದೇ. ಪೇಟಿಯ ಪಂಚಮ ನೆಮ್ಮದಿಯಾಗಿ ಕೇಳುವುದೂ ಗಾಂಧಾರ ಹಲ್ಲಿನ ನಡುವೆ ಸಿಕ್ಕ ಮರಳಿನ ಹಾಗೆ ಕಿರಿಕಿರಿ ಮಾಡುವುದೂ ಇದಕ್ಕೇ.

ಈ ಕಿರಿಕಿರಿ ಎಲ್ಲಿಂದ ಬಂತು? ಷಡ್ಜದಿಂದ ಪಂಚಮ, ಆ ಪಂಚಮದಿಂದ ಇನ್ನೊಂದು ಪಂಚಮ, ಹೀಗೆ 12 ಮೆಟ್ಟಿಲು ಹತ್ತಿದರೆ ಏಳು ಸ್ಥಾಯಿ ಮೇಲಿನ ಷಡ್ಜ ಸಿಗಬೇಕು. ಸಿಗುವುದಿಲ್ಲ, 23.5 ಸೆಂಟ್ ಮುಂದೆ ಹೋಗಿಬಿಡುತ್ತದೆ. (ಒಂದು ಸ್ಥಾಯಿಗೆ 1200 ಸೆಂಟ್, ಪೇಟಿಯ ಒಂದು ಮನೆಗೆ 100.) ಯುರೋಪಿನವರಿಗೆ ಒಂದೇ ಕೃತಿಯ ನಡುವೆ ಷಡ್ಜ ಬದಲಿಸುವ ಅಭ್ಯಾಸ. ಆದ್ದರಿಂದ ಆ ಹೆಚ್ಚುವರಿಯನ್ನು 12 ಪಂಚಮಗಳಿಗೂ ಎರಡೆರಡು ಸೆಂಟಿನಂತೆ ಹಂಚಿ ಕೈತೊಳೆದುಕೊಂಡರು. ಪಂಚಮ ಬಚಾವಾಯಿತು. ಪೆಟ್ಟು ಬಿದ್ದದ್ದು ಉಳಿದವರಿಗೆ: ಗಾಂಧಾರ 14 ಸೆಂಟ್ ಏರಿತು, ಧೈವತ 16, ನಿಷಾದ 12. ನಮ್ಮಲ್ಲಿ ಕಛೇರಿ ಮುಗಿಯುವ ತನಕ ಷಡ್ಜ ಕದಲುವುದಿಲ್ಲ. ಅವರ ಮನೆಯ ಸಾಲಕ್ಕೆ ನಾವ್ಯಾಕೆ ಬಡ್ಡಿ ಕಟ್ಟಬೇಕು?

ಇದು ಹೊಸ ಜಗಳವೂ ಅಲ್ಲ. 20ನೇ ಶತಮಾನದ ಆರಂಭದಲ್ಲೇ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆ ಸೇರಿ ಸ್ಥಾಯಿಗೆ 12ರ ಬದಲು 22 ಸ್ವರಸ್ಥಾನಗಳಿರುವ, 22 ಶ್ರುತಿಯ ಹಾರ್ಮೋನಿಯಂ ಮಾಡಿಸಿದರು. ಅವರ ಪ್ರಯೋಗಗಳಿಗೆ ಒದಗಿದ ಕಂಠ ಅಬ್ದುಲ್ ಕರೀಂ ಖಾನರದು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳದು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, 1971ರ ತನಕ ಒಳಗೆ ಬಿಡಲಿಲ್ಲ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ ಎಂಬುದು ಒಂದು ದೂರು, ಸ್ವರ ತಪ್ಪು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಒಂದು ಅರ ಸಾಕು: ಹಿತ್ತಾಳೆ ರೀಡಿನ ಬುಡ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಇಷ್ಟಕ್ಕೂ ಸೋಮಾರಿತನ ಮಾಡಿ, ಎದುರಿಗೆ ಕೂತ ಗಾಯಕನ ಕಿವಿ ಕೆಡಿಸುವುದು ಯಾವ ನ್ಯಾಯ?

ವಿರೋಧ: ಇದ್ದ ಹಾಗೇ ಇರಲಿ

ನಾನು ಸೋಮಾರಿಯಲ್ಲ, ಒಮ್ಮೆ ಕೆರೆಸಿ ನೋಡಿದವನು. ಕರಿ ಒಂದಕ್ಕೆ ಪೂರಾ ಗಾಂಧಾರ ಟ್ಯೂನಿಂಗ್ ಮಾಡಿಸಿಕೊಂಡು, ಮನೆಯಲ್ಲಿ ಎಂಟು ದಿನ ಯಮನ್ ರಾಗ ಬಾರಿಸಿ ಸುಖಪಟ್ಟೆ. ಒಂಬತ್ತನೆಯ ದಿನ ಒಂದು ಮಠದ ಜಾತ್ರೆಯಲ್ಲಿ ಸಾಥ್. ಹಾಡಲು ಬಂದ ಬುವಾ ಅವರು ಕೂತು, ಗಂಟಲು ಸರಿಮಾಡಿಕೊಂಡು, 'ಕರಿ ಎರಡು' ಅಂದರು. ನಾನು ಹಾಂ ಅಂದೆ. ಷಡ್ಜ-ಪಂಚಮ ಒತ್ತಿದೆ. ಬುವಾ ನನ್ನ ಕಡೆ ತಿರುಗಿ, 'ಮಾಸ್ತರ, ನಿಮ್ಮ ಪಂಚಮ ಯಾಕ್ರೀ ಹಂಗ ಅಳಾಕತ್ತೈತಿ?' ಅಂತ ಕೇಳಿದರು. ಮೈಕು ಚಾಲೂ ಇತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಕರಿ ಒಂದಕ್ಕೆ ಕರಿ ಎರಡು ರಿಷಭ, ಅಂದರೆ 9:8. ಅದರ ಪಂಚಮ ಕರಿ ಐದು; ಅದು ಮೊದಲಿನ ಧೈವತ, 5:3. ಇವೆರಡರ ನಡುವಿನ ಅಂತರ 3:2 ಅಲ್ಲ, 40:27. ಶುದ್ಧ ಪಂಚಮಕ್ಕಿಂತ 21.5 ಸೆಂಟ್ ಕಡಿಮೆ. ಅಲೆ ಎಷ್ಟು? ಸೆಕೆಂಡಿಗೆ ಹನ್ನೊಂದೂವರೆ. ಗಾಂಧಾರದಿಂದ ಓಡಿಸಿದ ದೆವ್ವ ಹೋಗಿ ಪಂಚಮವನ್ನು ಹಿಡಿದಿತ್ತು. ಅದೂ ರಾಗದಲ್ಲಿ ಅಷ್ಟೊಂದು ನಿಲ್ಲುವ, ತಂಬೂರಿಯಲ್ಲೂ ಇರುವ ಪಂಚಮ. ಸ್ಕೇಲ್ ಚೇಂಜರ್ ಪೇಟಿ ತಗೊಳ್ಳಿ ಅನ್ನುತ್ತಾರೆ. ಅದರಲ್ಲಿ ಜಾರುವುದು ಮನೆಗಳ ಪಟ್ಟಿ, ರೀಡು ಇದ್ದಲ್ಲೇ ಇರುತ್ತದೆ. ಇದಕ್ಕೆ ಅದು ಉಪಯೋಗವಿಲ್ಲ.

ಷಡ್ಜ ಕದಲುವುದಿಲ್ಲ ಎಂಬ ಮಾತು ಹಾಡುವವರ ಮಾತು. ಅವರ ಷಡ್ಜ ಕದಲುವುದಿಲ್ಲ, ಸರಿ. ನನ್ನ ಮುಂದೆ ಒಂದೇ ರಾತ್ರಿ ಕರಿ ಒಂದರವರು, ಬಿಳಿ ಎರಡರವರು, ಕರಿ ನಾಲ್ಕರ ಅಕ್ಕಾವರು, ಎಲ್ಲರೂ ಬಂದು ಕೂಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪೇಟಿ ಹೊರಲೇ? ಸಮಪಾಲಿನ ಶ್ರುತಿ ಯಾರಿಗೂ ಪೂರ್ತಿ ಸರಿಯಲ್ಲ ನಿಜ, ಆದರೆ ಯಾರ ಪಂಚಮವನ್ನೂ ಅಳಿಸುವುದಿಲ್ಲ.

ಒಬ್ಬರೇ ಗಾಯಕರು, ಒಂದೇ ಷಡ್ಜ ಅಂತಲೇ ಇಟ್ಟುಕೊಳ್ಳಿ. ಧೈವತ ಎಲ್ಲಿಗೆ ಕೆರೆಯಲಿ? ಗಾಂಧಾರಕ್ಕೆ ಹೊಂದಬೇಕಾದರೆ 5:3, ರಿಷಭಕ್ಕೆ ಪಂಚಮ ಭಾವದಲ್ಲಿ (3:2ರಲ್ಲಿ) ನಿಲ್ಲಬೇಕಾದರೆ 27:16. ನಡುವೆ ಅದೇ 21.5 ಸೆಂಟ್, 81:80ರ ಚೂರು. ಭರತನಿಗೂ ಇದು ಗೊತ್ತಿತ್ತು. ನಾಟ್ಯಶಾಸ್ತ್ರದಲ್ಲಿ ಮಧ್ಯಮ ಗ್ರಾಮ ಎಂಬ ಹಳೆಯ ಸ್ವರಕ್ರಮದ ಪಂಚಮವನ್ನು ಒಂದು ಶ್ರುತಿ ಇಳಿಸಿ, ಆ ಅಂತರಕ್ಕೆ ಪ್ರಮಾಣ ಶ್ರುತಿ ಎಂದು ಹೆಸರಿಟ್ಟ. ಈಚಿನವರು ಲೆಕ್ಕ ಹಾಕುವಾಗ ಅದನ್ನೇ 81:80 ಅನ್ನುತ್ತಾರೆ. ಅವನ ಕೈಯಲ್ಲಿದ್ದದ್ದು ವೀಣೆ, ತಂತಿ ಸಡಿಲಿಸಿದರೆ ಆಯಿತು. ನನ್ನ ಕೈಯಲ್ಲಿರುವುದು ಹಿತ್ತಾಳೆ. ಕೆರೆದ ಪುಡಿಯನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ದೇವಲರ ಹಾಗೆ 22 ಶ್ರುತಿ ಮಾಡಿಕೊಂಡರೂ ಅಷ್ಟೇ. ದರ್ಬಾರಿ ರಾಗದ ಕೋಮಲ ಗಾಂಧಾರ ಒಂದು ಜಾಗವೇ ಅಲ್ಲ, ಅದೊಂದು ತೂಗಾಟ. ಯಾವ ಮನೆ ಒತ್ತಲಿ? 1963ರಲ್ಲಿ ಸಂಶೋಧಕರಾದ ಜೈರಾಜ್‌ಬಾಯ್ ಮತ್ತು ಸ್ಟೋನ್ ಯಮನ್ ರಾಗದ ಗಾಂಧಾರವನ್ನು ಯಂತ್ರವಿಟ್ಟು ಅಳೆದಾಗ ಅದು ಕಲಾವಿದರಿಂದ ಕಲಾವಿದರಿಗೆ ಬೇರೆಯಾಗಿತ್ತು. ಹಾಡುವವರೇ 4ಕ್ಕೆ 5ರಲ್ಲಿ ಮೊಳೆ ಹೊಡೆದು ನಿಲ್ಲದಿರುವಾಗ ಪೇಟಿಗೆ ಮಾತ್ರ ಯಾಕೆ ಆ ಶಿಕ್ಷೆ?

ಸಾಥ್ ಅನ್ನುವುದು ಬೇರೆಯೇ ವಿದ್ಯೆ. ಗಾಯಕರು ಗಾಂಧಾರದಲ್ಲಿ ನಿಂತಾಗ ತಿದಿಯ ಗಾಳಿ ಇಳಿಸಬೇಕು, ಬೆರಳು ಷಡ್ಜದ ಮೇಲಿರಬೇಕು, ಗಾಂಧಾರವನ್ನು ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಡಬೇಕು. ಬೆಳಗಾವಿಯ ರಾಂಭಾವು ವಿಜಾಪುರೆ ಮಾಸ್ತರರ ಪೇಟಿ ಕೇಳಿ ಆ 14 ಸೆಂಟಿಗೆ ಎದ್ದುಹೋದವರನ್ನು ನಾನು ಕಂಡಿಲ್ಲ.

ಕೆರೆಸಿದ ಆ ಪೇಟಿ ಈಗಲೂ ಮನೆಯಲ್ಲಿದೆ. ಬೆಳಿಗ್ಗೆ ಒಬ್ಬನೇ ರಿಯಾಜಿಗೆ ಕೂತಾಗ ಕರಿ ಒಂದರಲ್ಲಿ ಅದನ್ನೇ ಬಾರಿಸುತ್ತೇನೆ. ಆ ಗಾಂಧಾರ ಚೆಂದವೇ, ಸುಳ್ಳು ಯಾಕೆ ಹೇಳಲಿ. ಯಾರಾದರೂ ಸಾಥಿಗೆ ಕರೆದರೆ ಮಾತ್ರ ಇನ್ನೊಂದನ್ನು ಹೊತ್ತುಕೊಂಡು ಹೋಗುತ್ತೇನೆ.