ಹಾರ್ಡ್ ಡಿಸ್ಕ್ ಡಬ್ಬದ ಮೇಲೆ ಬೇಕಾದ್ದು ಒಂದೂ ಬರೆದಿರಲ್ಲ

ಡೆಸ್ಕ್‌ಟಾಪಿಗೆ ಒಂದು ಹಾರ್ಡ್ ಡಿಸ್ಕ್ ಬೇಕು. ಎಷ್ಟು ವೇಗ, ಎಷ್ಟು ಸದ್ದು, ಕೊಟ್ಟ ದುಡ್ಡಿಗೆ ಎಷ್ಟು ಜಾಗ. ನನ್ನ ಪ್ರಶ್ನೆ ಇಷ್ಟೇ. ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡುವ ಒಂದು ಡಬ್ಬವನ್ನೂ ನಾನು ಇದುವರೆಗೆ ಕಂಡಿಲ್ಲ. ಕೆಲಸಕ್ಕೆ ಬಾರದ ಅಂಕಿಗಳು ಮಾತ್ರ ದಪ್ಪಕ್ಷರದಲ್ಲಿ ಇರುತ್ತವೆ.

ಡಬ್ಬದ ಮೇಲಿನ ಆ 6 ಗಿಗಾಬಿಟ್ ಅನ್ನೋದನ್ನೇ ತಗೊಳ್ಳಿ. ಅದು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ಲಿನ ಸಾಮರ್ಥ್ಯ, ಡಿಸ್ಕಿನದ್ದಲ್ಲ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 600 ಎಂಬಿ ಆಗುತ್ತದೆ. ಒಳಗೆ ತಿರುಗುವ ತಟ್ಟೆ ಕೊಡುವುದು 200 ಆಸುಪಾಸು, ದೊಡ್ಡ ದುಬಾರಿ ಡಿಸ್ಕಾದರೆ 250 ದಾಟಬಹುದು, ಅದೂ ಡಿಸ್ಕ್ ಖಾಲಿ ಇದ್ದಾಗ, ಹೊರಸುತ್ತಿನಲ್ಲಿ ಮಾತ್ರ. ತುಂಬುತ್ತಾ ಹೋದಂತೆ ಒಳಸುತ್ತುಗಳಿಗೆ ಬರುತ್ತದೆ, ಅವು ಚಿಕ್ಕವು, ಒಂದು ಸುತ್ತಿಗೆ ಸಿಗುವ ಡೇಟಾ ಕಡಿಮೆ, ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಯಾರೂ ಏನೂ ಮಾಡುವಂತಿಲ್ಲ, ಒಪ್ಪಿಕೊಳ್ಳೋಣ. ಆದರೆ ಹೊರಸುತ್ತಿನ ವೇಗವನ್ನಷ್ಟೇ ಬರೆದು ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ 'ವರೆಗೆ' ಅಂತ ಹಾಕುತ್ತಾರಲ್ಲ, ಅದಕ್ಕೆ ಏನು ಹೇಳೋದು?

7200 ಆರ್‌ಪಿಎಂ, 5400 ಆರ್‌ಪಿಎಂ, ಅಂದರೆ ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಜಗಳವೂ ಹೀಗೇ. ಬೇಕಾದ ಜಾಗ ಸುತ್ತಿ ಬರುವ ತನಕ ಕಾಯಬೇಕಲ್ಲ, ಅದು 7200ರಲ್ಲಿ ಸರಾಸರಿ 4.17 ಮಿಲಿಸೆಕೆಂಡ್, 5400ರಲ್ಲಿ 5.56. ಅದಕ್ಕೂ ಮೊದಲು ಓದುವ ತಲೆ ಆ ಸುತ್ತಿನ ಹತ್ತಿರ ಸರಿಯುವುದಕ್ಕೇ ಸುಮಾರು 10 ಮಿಲಿಸೆಕೆಂಡ್ ಹೋಗಿರುತ್ತದೆ. ಅಂದರೆ ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಸಲ ಹುಡುಕಬಹುದು, ಅಷ್ಟೇ. ಸಣ್ಣ ಸಣ್ಣ ಫೈಲುಗಳು ಸಾವಿರಾರು ಇರುವ ಫೋಲ್ಡರ್ ಕಾಪಿ ಮಾಡಿದರೆ ಎರಡೂ ಡಿಸ್ಕ್ ತೆವಳುತ್ತವೆ.

ನಿಜವಾಗಿ ಹೊಟ್ಟೆ ಉರಿಸುವುದು ಎಸ್‌ಎಂಆರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದರಲ್ಲಿ ಡೇಟಾ ಬರೆಯುವ ಸುತ್ತುಗಳು ಛಾವಣಿಯ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಅದೇ ತಟ್ಟೆಯಲ್ಲಿ ಜಾಸ್ತಿ ಡೇಟಾ ಹಿಡಿಯುತ್ತದೆ, ಮಾಡುವವರಿಗೆ ಖರ್ಚು ಉಳಿಯುತ್ತದೆ. ಓದುವಾಗ ತೊಂದರೆ ಏನಿಲ್ಲ. ಆದರೆ ನಡುವೆ ಒಂದನ್ನು ಬದಲಿಸಬೇಕೆಂದರೆ ಅದರ ಪಕ್ಕದವನ್ನೂ ಸಾಲಾಗಿ ಮತ್ತೆ ಬರೆಯಬೇಕು. ಇದು ಬಯಲಾಗಬಾರದು ಅಂತ ಒಂದಿಷ್ಟು ಜಾಗವನ್ನು ಮಾಮೂಲಿ ರೀತಿಯಲ್ಲಿ ಇಟ್ಟು, ಬರೆದದ್ದನ್ನೆಲ್ಲ ಮೊದಲು ಅಲ್ಲಿಗೆ ಹಾಕಿಕೊಂಡು, ಡಿಸ್ಕ್ ಸುಮ್ನೆ ಇದ್ದಾಗ ನಿಧಾನವಾಗಿ ಆಚೆ ಸಾಗಿಸುತ್ತದೆ. ವಿಮರ್ಶೆ ಬರೆಯುವ ಪುಣ್ಯಾತ್ಮರು ಹತ್ತು ನಿಮಿಷ ಪರೀಕ್ಷೆ ಮಾಡಿ 'ಸೂಪರ್ ಸ್ಪೀಡ್' ಅನ್ನುವುದು ಈ ಜಾಗವನ್ನು ನೋಡಿ.

ನಾನು ಹಳೆಯ ಫೋಟೊ, ವಿಡಿಯೊ, ಬ್ಯಾಕಪ್ ಎಲ್ಲವನ್ನೂ ಹೊಸ ಡಿಸ್ಕಿಗೆ ಹಾಕಲು ಕೂತೆ. ಶುರುವಿನಲ್ಲಿ 180 ಎಂಬಿ ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ 30. ಆಮೇಲೆ 8. ಒಮ್ಮೊಮ್ಮೆ ಸೊನ್ನೆ! ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಸರ್, ಕೇಬಲ್ ಬದಲಾಯಿಸಿ ನೋಡಿ" ಅಂದರು. ಬದಲಾಯಿಸಿದೆ. ಏನೂ ಆಗಲಿಲ್ಲ. ವಾಪಸ್ ತಗೊಳ್ಳಿ ಅಂದರೆ "ಡಿಸ್ಕ್ ಕೆಟ್ಟಿಲ್ಲ ಸರ್, ಟೆಸ್ಟ್ ಪಾಸ್ ಆಗಿದೆ" ಎಂಬ ಉತ್ತರ. ಕೆಟ್ಟಿಲ್ಲ ಅಂತ ನನಗೂ ಗೊತ್ತು, ಅದನ್ನು ಮಾಡಿರುವುದೇ ಹಾಗೆ. ಮೊದಲೇ ಹೇಳಿದ್ದರೆ ಬೇರೆ ತಗೊಳ್ತಿದ್ದೆ ಅಲ್ವಾ?

2020ರಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ನೆಟ್‌ವರ್ಕಿನಲ್ಲಿ ಎಲ್ಲರಿಗೂ ಫೈಲು ಹಂಚಲು ಇಡೀ ದಿನ ಓಡುವ ನ್ಯಾಸ್ ಪೆಟ್ಟಿಗೆಗೆಂದೇ ಮಾರುತ್ತಿದ್ದ ಡಿಸ್ಕುಗಳಲ್ಲೂ ಹೇಳದೆ ಕೇಳದೆ ಎಸ್‌ಎಂಆರ್ ಸೇರಿಸಿದ್ದು ಹೊರಗೆ ಬಂತು. ಬೈಸಿಕೊಂಡ ಮೇಲೆ ಕಂಪನಿಗಳು ಯಾವ ಮಾಡೆಲ್ ಯಾವ ಬಗೆ ಅಂತ ಪಟ್ಟಿ ಹಾಕಿದರು. ಸರಿ, ಆ ಮಾಹಿತಿ ಡಬ್ಬದ ಮೇಲೆ ಯಾಕಿಲ್ಲ? '256 ಎಂಬಿ ಕ್ಯಾಶ್' (ಡೇಟಾವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿ) ಅಂತ ಹೆಮ್ಮೆಯಿಂದ ಬರೆಯಲು ಜಾಗ ಇರುತ್ತದೆ. 2 ಟಿಬಿಯ ಮಾಮೂಲಿ ಡಿಸ್ಕಿಗೆ ಅಷ್ಟು ಕ್ಯಾಶ್ ಕೊಟ್ಟಿದ್ದಾರೆ ಅಂದರೆ ಖುಷಿಪಡಬೇಡಿ, ಎಸ್‌ಎಂಆರ್ ಇರಬಹುದು ಅಂತ ಅನುಮಾನಪಡಿ.

ಅದೇ ವರ್ಷ ಇನ್ನೊಂದು ಕಳ್ಳಾಟ ಬಯಲಾಯಿತು. '5400 ಆರ್‌ಪಿಎಂ ಕ್ಲಾಸ್' ಅಂತ ಮಾರಿದ್ದ ಕೆಲವು ಡಿಸ್ಕುಗಳು ತಿರುಗುತ್ತಿದ್ದುದು 7200ರಲ್ಲಿ. ಜನ ಕಂಡುಹಿಡಿದದ್ದು ಸದ್ದಿನಿಂದ. 7200 ಅಂದರೆ ಸೆಕೆಂಡಿಗೆ 120 ಸುತ್ತು, ಹಾಗಾಗಿ 120 ಹರ್ಟ್ಸ್ ಗುಂಯ್. 5400 ಆದರೆ 90. ರೆಕಾರ್ಡ್ ಮಾಡಿ ನೋಡಿದರೆ 120 ಬಂತು. ವೇಗ ಜಾಸ್ತಿ ಸಿಕ್ಕರೆ ಲಾಭ ತಾನೇ ಅನ್ನುವವರಿದ್ದಾರೆ. ಸದ್ದು, ಬಿಸಿ, ಕರೆಂಟು ಕಡಿಮೆ ಇರಲಿ ಅಂತಲೇ 5400 ಹುಡುಕಿಕೊಂಡು ಹೋದವನಿಗೆ ಏನು ಲಾಭ ಸ್ವಾಮಿ?

ಸದ್ದಿನ ಡೆಸಿಬಲ್ ಅಂಕಿಯನ್ನೂ ನಂಬಬೇಡಿ. ಅದು ಡಿಸ್ಕೊಂದನ್ನೇ ಇಟ್ಟು ಅಳೆದದ್ದು. ಕ್ಯಾಬಿನೆಟ್ಟಿನ ತೆಳ್ಳನೆ ತಗಡಿಗೆ ಸ್ಕ್ರೂ ಹಾಕಿ ಬಿಗಿದ ಮೇಲೆ ಇಡೀ ಪೆಟ್ಟಿಗೆಯೇ ಗುಂಯ್‌ಗುಡುತ್ತದೆ. ನಡುವೆ ರಬ್ಬರ್ ವಾಷರ್ ಹಾಕಿದರೆ ಎಷ್ಟೋ ಕಡಿಮೆಯಾಗುತ್ತದೆ, ಹಾಕಿ. ಹಿಂದೆ ಎಎಎಂ ಅಂತ ಒಂದು ಸೆಟ್ಟಿಂಗ್ ಇತ್ತು. ತಲೆ ಸ್ವಲ್ಪ ನಿಧಾನವಾಗಿ ಓಡಾಡಲಿ, ಕಟಕಟ ಕಡಿಮೆ ಇರಲಿ ಅಂತ ನಾವೇ ಆರಿಸಿಕೊಳ್ಳಬಹುದಿತ್ತು. ಈಗಿನ ಡಿಸ್ಕುಗಳಲ್ಲಿ ಅದನ್ನೂ ತೆಗೆದುಹಾಕಿದ್ದಾರೆ.

ಇನ್ನು ದುಡ್ಡಿನ ಮಾತು. ಮೋಟರು, ಕವಚ, ಸರ್ಕ್ಯೂಟ್ ಬೋರ್ಡು ಎಷ್ಟೇ ಸಣ್ಣ ಡಿಸ್ಕಿಗೂ ಬೇಕೇ ಬೇಕು, ಹಾಗಾಗಿ 1 ಟಿಬಿ ಡಿಸ್ಕ್ 2 ಟಿಬಿಯ ಅರ್ಧ ಬೆಲೆಗೆ ಸಿಗುವುದಿಲ್ಲ. ಅತಿ ಸಣ್ಣದನ್ನು ತಗೊಂಡವರಿಗೇ ಟಿಬಿ ಲೆಕ್ಕದಲ್ಲಿ ಅತಿ ಜಾಸ್ತಿ ಬೆಲೆ. ಆ 1 ಟಿಬಿಯೂ ವಿಂಡೋಸ್‌ನಲ್ಲಿ ನೋಡಿದರೆ 931 ಜಿಬಿ. ಎಣಿಸುವ ಕ್ರಮ ಬೇರೆ ಅಂತ ಗೊತ್ತು, ಆದರೂ ಸಿಟ್ಟು ಬರುತ್ತದೆ. ವಾರಂಟಿ ಕೆಲವಕ್ಕೆ 2 ವರ್ಷ, ಕೆಲವಕ್ಕೆ 5. ಈ ಒಂದು ಅಂಕಿಯನ್ನು ಮಾತ್ರ ನಾನು ನಂಬುತ್ತೇನೆ, ಯಾಕಂದರೆ ತಪ್ಪಿದರೆ ಅವರ ಕೈಯಿಂದ ಹೋಗುತ್ತದೆ.

ಎಸ್‌ಎಸ್‌ಡಿ ತಗೊಳ್ಳಿ ಅಂತ ದಯವಿಟ್ಟು ಯಾರೂ ಕಾಮೆಂಟ್ ಹಾಕಬೇಡಿ. ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲೇ. ಟಿಬಿಗಟ್ಟಲೆ ವಿಡಿಯೊ ಇಡುವುದಕ್ಕೆ ಅದು ಇನ್ನೂ ದುಬಾರಿ. ಸಿಎಂಆರ್ (ಸುತ್ತುಗಳು ಒಂದರ ಮೇಲೊಂದು ಕೂರದ ಮಾಮೂಲಿ ಬಗೆ) ಇರುವ, ನಿಜವಾಗಿಯೂ 5400ರಲ್ಲಿ ತಿರುಗುವ 4 ಟಿಬಿ ಡಿಸ್ಕ್ ಯಾರಾದರೂ ಬಳಸುತ್ತಿದ್ದರೆ ಹೇಳಿ. ಪೂರ್ತಿ ಮಾಡೆಲ್ ನಂಬರ್ ಹಾಕಿ, ಸರಣಿಯ ಹೆಸರು ಸಾಲದು, ಒಂದೇ ಹೆಸರಿನಲ್ಲಿ ಎರಡೂ ಬಗೆಯನ್ನು ಮಾರುತ್ತಿದ್ದಾರೆ.